ವಾಲಿದ ತೊಟ್ಟಿಲು

ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ರಾಜಶೇಖರಪ್ಪನವರು ಹತ್ತಿಯ ಸವಾಲು ಕೂಗಿದರೆ, ಮೂರು ಅಂಗಡಿ ಆಚೆ ಚೀಲದ ಮೇಲೆ ಮಲಗಿದವರೂ ಎದ್ದು ಕೂಡುತ್ತಿದ್ದರು. ಅಂಥ ಗಂಟಲು. ಮೀಸೆಯೂ ಗಂಟಲಿಗೆ ತಕ್ಕಂತೆ. ಈ ಮನುಷ್ಯ ಮಧ್ಯಾಹ್ನದ ಊಟವಾದ ಮೇಲೆ ಒಳಕೋಣೆಯ ಬಾಗಿಲು ಮುಂದಕ್ಕೆಳೆದುಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ ಕಸೂತಿ ಹಾಕುತ್ತಾರೆಂದು ಯಾರಾದರೂ ಹೇಳಿದ್ದರೆ ಇಡೀ ಯಾರ್ಡು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಪುಣ್ಯಕ್ಕೆ ಗೊತ್ತಿದ್ದವರು ಇಬ್ಬರೇ. ಒಬ್ಬರು ಹೆಂಡತಿ ಮುರಿಗೆವ್ವ, ಇನ್ನೊಬ್ಬಳು ಹಳೆ ಸೀರೆಗೆ ಭಾಂಡೆ-ಪಾತ್ರೆ ಕೊಡುತ್ತ ಓಣಿ ಸುತ್ತುವ ಅಬೀದಾ.

ಚಟ ಹಚ್ಚಿದವಳೇ ಅಬೀದಾ. ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಹೊಸತರಲ್ಲಿ ಹೊತ್ತು ಹೋಗದೆ ಕಟ್ಟೆಯ ಮೇಲೆ ಕೂತಿದ್ದಾಗ, ಅವಳ ಗಂಟಿನಿಂದ ಹರಿದ ಇಳಕಲ್ ಸೀರೆಯ ಸೆರಗೊಂದು ಜಾರಿ ಬಿತ್ತು. ಅದರ ಮೇಲೆ ಕಸೂತಿಯ ಆನೆ, ಗೋಪುರ. ಚಿಕ್ಕಂದಿನಲ್ಲಿ ಸೂಜಿಗೆ ದಾರ ಪೋಣಿಸಿಕೊಡುತ್ತ ಅವ್ವನ ಕೈಯಲ್ಲಿ ಕಂಡವೇ ಅವೆಲ್ಲ. ಅವರ ಎದೆ ತುಂಬಿ ಬಂತು. ಮನೆಯ ಹೊಸ ಸ್ಟೀಲ್ ಡಬರಿ ಕೊಟ್ಟು ಆ ಚಿಂದಿ ತೆಗೆದುಕೊಂಡರು.

"ಮಂದಿ ಹಳೇದು ಕೊಟ್ಟು ಹೊಸಾದು ತರ್ತಾರ. ನೀವು ಹೊಸಾದು ಕೊಟ್ಟು ಹಳೇದು ತರ್ತೀರಲ್ರಿ!" ಎಂದು ಮುರಿಗೆವ್ವ ಹಣೆ ಬಡಿದುಕೊಂಡರು.

ಆದರೆ ಹುಚ್ಚು ಅಷ್ಟಕ್ಕೆ ನಿಲ್ಲಲಿಲ್ಲ. ಈಗ ಆ ಕೋಣೆಯ ಟ್ರಂಕಿನಲ್ಲಿ ಮೂವತ್ತೆಂಟು ಸೆರಗುಗಳಿವೆ. ಗೋಡೆಯ ಮಾಡದಲ್ಲಿ ಹಿತ್ತಾಳೆಯ ಪಾವು, ಚಟಾಕು, ಗಿಳಿ ಆಕಾರದ ಅಡಕೊತ್ತು, ಯಾರದೋ ಮದುವೆಯಲ್ಲಿ ಹೆಸರು ಕೊರೆಸಿ ಕೊಟ್ಟ ತಂಬಿಗೆ. ಸೋಮವಾರಕ್ಕೊಮ್ಮೆ ಅವನ್ನೆಲ್ಲ ಹುಣಸೆಹಣ್ಣು ಹಚ್ಚಿ ತಾವೇ ಬೆಳಗುತ್ತಾರೆ. ಆಮೇಲೆ ಸೆರಗು ಮುಂದಿಟ್ಟುಕೊಂಡು ನೋಡಿ ನೋಡಿ ಹೊಲಿಯುತ್ತಾರೆ. ಕಸೂತಿಗೆ ಗೆರೆ ಬರೆಯುವಂತಿಲ್ಲ, ಎಳೆ ಎಣಿಸಬೇಕು. ಗಂಟು ಹಾಕುವಂತಿಲ್ಲ, ಒಳಮೈ ಹೊರಮೈ ಒಂದೇ ಇರಬೇಕು. ಇಡೀ ಜನ್ಮದಲ್ಲಿ ಇಷ್ಟು ಸುಖವಾದ ಎಣಿಕೆಯನ್ನು ಅವರು ಮಾಡಿರಲಿಲ್ಲ.

ಸೊಸೆ ಐಶ್ವರ್ಯಾಗೆ ಐದು ತಿಂಗಳು ತುಂಬಿ, ಮನೆಯಲ್ಲಿ ಸೀಮಂತದ ಕುಬಸದ ಮಾತು ಬಂದಾಗ ಅವರು ಬಸುರಿಗೆ ಉಡಿಸುವ ಕಪ್ಪು ಚಂದ್ರಕಾಳಿ ಸೀರೆಯೊಂದನ್ನು ತಂದರು. ಎರಡು ತಿಂಗಳು ಕೂತು ಸೆರಗಿನ ತುಂಬ ಕಮಲ, ನಡುವೆ ದೊಡ್ಡ ತೊಟ್ಟಿಲು ಹಾಕಿದರು. ಯಾರು ಹಾಕಿದ್ದೆಂದು ಕೇಳಿದರೆ ಗರಗದ ಕಡೆಯ ಹೆಣ್ಣುಮಗಳೆಂದು ಹೇಳುವುದಾಗಿ ಗಂಡಹೆಂಡಿರು ಮಾತಾಡಿಕೊಂಡರು.

ಕುಬಸದ ದಿನ ಅಮ್ಮಿನಬಾವಿಯಿಂದ ಬೀಗತಿ ಬಂದರು. ಐಶ್ವರ್ಯಾಳ ತಾಯಿ ಅವರು, ಕಸೂತಿ ಬಲ್ಲವರು. ತಾಟಿನಲ್ಲಿದ್ದ ಸೀರೆಯನ್ನು ಎತ್ತಿ ಮೊದಲು ಒಳಮೈ ತಿರುವಿದರು.

"ಎಲ್ಲೂ ಗಂಟಿಲ್ಲ. ಛಲೋ ಕೈ. ಯಾರ ಹಾಕ್ಯಾರ?"

"ಗರಗದ ಕಡೆ ಒಬ್ಬಾಕಿ ಅದಾಳ್ರಿ," ಎಂದರು ಮುರಿಗೆವ್ವ.

"ಆದ್ರ ತೊಟ್ಟಲಾ ವಾಲೇತಿ ನೋಡ್ರಿ. ಈ ಹಗ್ಗದಾಗ ಒಂದು ಎಳಿ ಹೆಚ್ಚಿಗಿ ಹಿಡದಾಳ. ವಾಲಿದ ತೊಟ್ಟಲಾ ಬಸರಿಗೆ ಹೊದಸ್ತಾರೇನು? ಆಕಿನ್ನ ಕರಸ್ರಿ, ಇಲ್ಲಾಂದ್ರ ಬ್ಯಾರೆ ಸೀರಿ ಉಡಸೂಣು."

ಐಶ್ವರ್ಯಾಳ ಮುಖ ಬಾಡಿತು. ರಾಜಶೇಖರಪ್ಪನವರು ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ಬಾಯಿ ಮುಚ್ಚಿಕೊಂಡರೆ ಮೀಸೆಯ ಮಾನ ಉಳಿಯುತ್ತದೆ, ಸೀರೆ ಟ್ರಂಕು ಸೇರುತ್ತದೆ. ಬಾಯಿ ಬಿಟ್ಟರೆ ಮುಗಿಯಿತು. ಪಡಸಾಲೆಯಲ್ಲೇ ಯಾರ್ಡಿನ ಗೆಳೆಯ ಮಹಾಂತಯ್ಯ ಕೂತಿದ್ದಾರೆ. ಅವರಿಗೆ ಗೊತ್ತಾದ ಸುದ್ದಿ ಸಂಜೆಯೊಳಗೆ ಹುಬ್ಬಳ್ಳಿ ದಾಟಿ ಧಾರವಾಡ ಮುಟ್ಟುವುದು ಗ್ಯಾರಂಟಿ.

ಅವರು ಒಳಗೆ ಹೋಗಿ ಸೂಜಿ, ದಾರ, ಕನ್ನಡಕ ತಂದರು.

"ಗರಗಕ್ಕ ಯಾಕ ಹೋಗ್ತೀರಿ? ಹಾಕಿದಾಂವ ಇಲ್ಲೇ ಅದಾನ. ಕೊಡ್ರಿ ಇಲ್ಲೆ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ರಾಜಶೇಖರಪ್ಪನವರ ಕಿವಿ ಕೆಂಪಾದವು, ಆದರೂ ಚಾಪೆಯ ಮೇಲೆ ಕೂತು ತಪ್ಪಿದ ಹಗ್ಗವನ್ನು ಒಂದೊಂದೇ ಹೊಲಿಗೆ ಬಿಚ್ಚಿದರು. ಸೂಜಿ ಮತ್ತೆ ಮೇಲೇರತೊಡಗಿದಾಗ ನಗು ತಾನಾಗಿ ನಿಂತಿತು. ಬೀಗತಿ ಹತ್ತಿರ ಸರಿದು ಕೂತು ಬಟ್ಟೆ ಬಿಗಿಹಿಡಿದರು.

ಗದ್ದಲ ಕೇಳಿ ಮಹಾಂತಯ್ಯ ಇಣುಕಿದರು. "ಏನೋ ರಾಜಣ್ಣ, ಸೂಜಿ ಹಿಡದೀಯಲ್ಲೋ!"

"ಹೂಂ, ಹಿಡದೇನಿ. ಮಾತಾಡಸಬ್ಯಾಡ, ಎಳಿ ಎಣಸಾಕತ್ತೇನಿ."

ಅರ್ಧ ತಾಸಿನಲ್ಲಿ ತೊಟ್ಟಿಲು ನೆಟ್ಟಗೆ ನಿಂತಿತು. ಬೀಗತಿ ಕಿಟಕಿಯ ಬೆಳಕಿಗೆ ಹಿಡಿದು ಒಳಮೈ ನೋಡಿದರು, ಹೊರಮೈ ನೋಡಿದರು, ಮಗಳಿಗೆ ಉಡಿಸಿದರು. ಐಶ್ವರ್ಯಾ ಆ ಸೆರಗು ಹೊದ್ದು ಬಂದು ಕುರ್ಚಿಯ ಮೇಲೆ ಕೂತಾಗ ರಾಜಶೇಖರಪ್ಪನವರ ಕಣ್ಣು ಮಂಜಾದವು, ಕನ್ನಡಕ ಒರೆಸಿಕೊಂಡರು.

ಉಡಿ ತುಂಬಲು ತಡವಾಗಿ ಬಂದ ಪಕ್ಕದ ಮನೆಯ ಅಂಬಾಬಾಯಿ ಸೆರಗು ಮುಟ್ಟಿ ನೋಡಿ, "ಅಯ್ಯ, ಎಷ್ಟ ಚಂದ ಅದ! ಯಾರ ಹಾಕ್ಯಾರ್ರಿ?" ಎಂದರು.

"ನಮ್ಮ ಮನಿಯವರು," ಎಂದರು ಮುರಿಗೆವ್ವ. ಆಮೇಲೆ, ಪಡಸಾಲೆಯಲ್ಲಿದ್ದ ಗಂಡಸರಿಗೂ ಕೇಳಲೆಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು.