ಬಿಗಿಯಾದ ಒಂದು ಸುತ್ತು

ಇದನ್ನು ಮೊದಲ ಸಲ ಬರೆದಾಗ ತಂಗಿಯನ್ನು ಹಡಗಿನ ಮೇಲೆ ನಿಲ್ಲಿಸಿದ್ದೆ. ಸುತ್ತ ಅಲೆಗಳನ್ನೂ ಇಟ್ಟಿದ್ದೆ. ಓದಿದ ಅವಳು, "ಅಕ್ಕಾ, ನಾ ಹಡಗ ಹತ್ತೇ ಇಲ್ಲ. ದಂಡಿ ಮ್ಯಾಲ ತಗಡಿನ ಶೆಡ್ಡಿನ್ಯಾಗ ಕುಂತಿದ್ನಿ," ಎಂದಳು. ಹಡಗನ್ನೂ ಅಲೆಗಳನ್ನೂ ಹೊಡೆದುಹಾಕಿದೆ. ಈಗಲೂ ಕಣ್ಣು ಮುಚ್ಚಿದರೆ ಹಡಗೇ ಕಾಣುತ್ತದೆ. ನನ್ನ ನೆನಪನ್ನು ಅಷ್ಟರಮಟ್ಟಿಗೆ ಮಾತ್ರ ನಂಬಿ.

ಆ ಶೆಡ್ಡು ಇದ್ದದ್ದು ತಮಿಳುನಾಡಿನ ಕಡಲ ದಂಡೆಯಲ್ಲಿ. ಶ್ರೀಲಂಕಾದಿಂದ ಸಮುದ್ರದ ತಳದಲ್ಲಿ ಹಾಸಿಕೊಂಡು ಬಂದ ಇಂಟರ್ನೆಟ್ ಕೇಬಲ್ ಅಲ್ಲಿ ಮರಳಿನಿಂದ ಮೇಲೇಳುತ್ತದೆ. ಅದರೊಳಗಿನ, ಬೆಳಕು ಹರಿಯುವ ಕೂದಲಿನಂಥ ಗಾಜಿನ ಎಳೆಗಳನ್ನು ನೆಲದ ಕೇಬಲಿನ ಎಳೆಗಳಿಗೆ ಒಂದೊಂದಾಗಿ ಬೆಸೆಯುವುದು ತಂಗಿಯ ಕೆಲಸ. ಚಿಕ್ಕೋಡಿ, ರಾಯಬಾಗ, ಕಾಗವಾಡದ ರಸ್ತೆಬದಿಗಳಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳ ಧೂಳಿನಲ್ಲಿ ಕೂತು ಅದನ್ನು ಕಲಿತಿದ್ದಳು. ಸಮುದ್ರದ ಕೇಬಲ್ ಮುಟ್ಟಿದ್ದು ಅದೇ ಮೊದಲು.

ಅವಳ ಬೆರಳು ಪಳಗಿದ್ದು ಅದಕ್ಕೂ ಮುಂಚೆ, ನಿಪ್ಪಾಣಿಯ ನಮ್ಮ ಪಡಸಾಲೆಯಲ್ಲಿ. ಅವ್ವ ಬೀಡಿ ಕಟ್ಟುತ್ತಿದ್ದಳು. ನಾವಿಬ್ಬರೂ ಶಾಲೆಯಿಂದ ಬಂದು ಅವಳ ಮೊರದ ಎದುರು ಕೂರುತ್ತಿದ್ದೆವು. ಎಲೆಯಲ್ಲಿ ತಂಬಾಕು ತುಂಬಿ ಬಿಗಿಯಾಗಿ ಸುತ್ತಬೇಕು. ಸಡಿಲಾದರೆ ಕಾರ್ಖಾನೆಯಲ್ಲಿ ಆರಿಸುವವನು ಮುರಿದು ಎಸೆಯುತ್ತಾನೆ. ತಂಗಿ ಕಟ್ಟಿದ್ದು ಸಡಿಲಾದ ನೆನಪು ನನಗಿಲ್ಲ. ನಾನು ಕಟ್ಟಿದವು ನೆನಪಿವೆ.

ಆ ದಿನ ಶೆಡ್ಡಿನಲ್ಲಿ ಅವಳು ಎಲ್ಲ ಎಳೆಗಳನ್ನೂ ಬೆಸೆದು ಜೋಡಣೆ ಪೆಟ್ಟಿಗೆಯ ತಟ್ಟೆಯಲ್ಲಿ ಸುತ್ತಿಟ್ಟಳು. ಬೆಳಕು ಹಾಯಿಸಿ ನೋಡಿದರು. ಒಂದೇ ಒಂದು ಎಳೆಯಲ್ಲಿ ಬೆಳಕು ತುಸು ಸೋರುತ್ತಿತ್ತು, ಆದರೆ ಮಿತಿಯೊಳಗೇ. ಕೆಲಸ ನೋಡಿಕೊಳ್ಳುತ್ತಿದ್ದ ಸಾಹೇಬರು ಮುಚ್ಚಳ ಹಾಕೆಂದರು. ತಂಗಿಗೆ ಮಾತ್ರ ತಪ್ಪು ಎಲ್ಲಿದೆಯೆಂದು ತಿಳಿದುಹೋಗಿತ್ತು. ಅವಳ ಹೆಬ್ಬೆರಳು ಗಾಜನ್ನು ಬೀಡಿಯ ಹಾಗೆ ಬಿಗಿದುಬಿಟ್ಟಿತ್ತು. ಗಾಜಿಗೆ ಅಗಲವಾದ ಸುತ್ತು ಬೇಕು. ಬಿಗಿದರೆ ಬೆಳಕು ಹೊರಗೆ ಹೋಗುತ್ತದೆ, ವರ್ಷಗಳ ಮೇಲೆ ಎಳೆಯೇ ಬಿರಿಯಬಹುದು. ಆದರೆ ಬಿಚ್ಚುವಾಗ ಪಕ್ಕದ್ದೊಂದು ತುಂಡಾದರೆ ಇಡೀ ಜೋಡಣೆ ಕತ್ತರಿಸಿ ಮೊದಲಿನಿಂದ ಮಾಡಬೇಕು. ಹಾಗಾದರೆ ಅವಳನ್ನು ಮತ್ತೆಂದೂ ಸಮುದ್ರದ ಕೆಲಸಕ್ಕೆ ಕರೆಯುವುದಿಲ್ಲ.

ಬಿಚ್ಚುತ್ತೇನೆ, ತಪ್ಪು ನನ್ನದು ಎಂದಳಂತೆ. ಸಾಹೇಬರು ಗಡಿಯಾರ ನೋಡಿದರು. ಆಚೆ ದಂಡೆಯಲ್ಲಿ ಲಂಕೆಯವರು ಕಾಯುತ್ತಿದ್ದರು. ಆದರೂ ಅವಳು ಬಿಚ್ಚಿ ಅಗಲವಾಗಿ ಮತ್ತೆ ಸುತ್ತಿದಳು. ಎಷ್ಟು ಹೊತ್ತು ಹಿಡಿಯಿತೆಂದು ಕೇಳಿದರೆ ಒಮ್ಮೆ ಕಾಲು ಗಂಟೆ ಅನ್ನುತ್ತಾಳೆ, ಒಮ್ಮೆ ಊಟ ತಪ್ಪಿತು ಅನ್ನುತ್ತಾಳೆ. ಎರಡನ್ನೂ ಇಟ್ಟುಕೊಂಡಿದ್ದೇನೆ. ಒಂದು ಎಳೆಯೂ ತುಂಡಾಗಲಿಲ್ಲ ಎಂಬುದರಲ್ಲಿ ಮಾತ್ರ ಅವಳ ಮಾತು ಬದಲಾಗಿಲ್ಲ. ಬೆಳಕು ಪೂರ್ತಿ ಬಂದಿದೆಯೆಂದು ಲಂಕೆಯವರು ಹೇಳಿಕಳಿಸಿದರು.

ಸಂಜೆ ಫೋನಿನಲ್ಲಿ ಎಲ್ಲವನ್ನೂ, ತಪ್ಪನ್ನೂ ಸೇರಿಸಿ, ಅವ್ವನಿಗೆ ಒಪ್ಪಿಸಿದಳು. ಫೋನ್ ಹಿಡಿದಿದ್ದವಳು ನಾನು.

"ಅಂದ್ರ ನಾ ಕಲಿಸಿದ ಕೈಯೇ ಕೆಡಿಸಿತೇನ?" ಎಂದಳು ಅವ್ವ.

"ಹೌದ ಬೇ ಎವ್ವಾ, ನಿನ್ನ ಕೈಯೇ," ಎಂದಳು ತಂಗಿ.

ಅವ್ವ ನಕ್ಕಳು. ನನಗೆ ಹೆಮ್ಮೆಯಾಯಿತು. ಇದೊಂದು ನನ್ನ ಸ್ವಂತ ನೆನಪು, ಯಾರನ್ನೂ ಕೇಳಿ ತಿದ್ದಬೇಕಾಗಿಲ್ಲ.

ಮರುದಿನ ಓಣಿಯ ಹೆಂಗಸರು ಮೊರ ಹಿಡಿದು ಬಂದು ಕೂತಾಗ ಅವ್ವ ಶುರು ಮಾಡಿದಳು. ಸಾಹೇಬರು ಸಾಕು ಅಂದರೂ ಮಗಳು ಬಿಚ್ಚಿ ಮತ್ತೆ ಸುತ್ತಿದ್ದನ್ನು ಬಿಡಿಸಿ ಹೇಳಿದಳು. ಸಮುದ್ರ ಹೇಗಿತ್ತೆಂದು ಯಾರೂ ಕೇಳಲಿಲ್ಲ. ಎಷ್ಟು ಅಗಲ ಸುತ್ತಬೇಕೆಂದು ಕೇಳಿದರು.

ಅವ್ವ ತಂಬಾಕಿನ ಕೈಯೆತ್ತಿ ಬಳೆ ತೋರಿಸಿದಳು. "ಇಷ್ಟ ನೋಡ್ರಿ. ಇದಕ್ಕಿಂತ ಸಣ್ಣದಾದ್ರ ಬೆಳಕ ಸೋರತೈತಿ."