ಶಿವಗಂಗವ್ವ ಕಾಯುವ ಕಾಲುಗಳು

ಪಿಂಪ್ರಿ ಹತ್ತಿರದ ನಿಗಡಿಯ ಹಳೆಯ ವಠಾರಕ್ಕೆ ಇನ್ನೂ ಹಾಲಿನವನು ಬಂದಿಲ್ಲ. ಶಿವಗಂಗವ್ವ ಆಗಲೇ ನೆಲದ ಮೇಲೆ ಕೂತು ಸಿದ್ರಾಮಪ್ಪನವರ ಎಡಗಾಲನ್ನು ತಮ್ಮ ತೊಡೆಯ ಮೇಲೆ ಎತ್ತಿಕೊಂಡಿದ್ದಾರೆ. ನಿಧಾನವಾಗಿ ಪಟ್ಟಿ ಬಿಚ್ಚುತ್ತಾರೆ, ಬಗ್ಗಿ ಗಾಯವನ್ನು ಮೂಸುತ್ತಾರೆ. ಅವರ ಕೆಲಸ ನೋಡಲು ಜೊತೆಗೆ ಬಂದ ನಾನು ಮುಖ ತಿರುಗಿಸುತ್ತೇನೆ. ಅವರು ಮಾತ್ರ ಮತ್ತೊಮ್ಮೆ ಮೂಸುತ್ತಾರೆ!

"ನಾತ ಕಡಿಮಿ ಆಗ್ಯದ ಕಾಕಾ. ಹೆದರಬ್ಯಾಡ್ರಿ."

ಹೆದರದೆ ಏನು ಮಾಡಿಯಾರು? ಇವತ್ತು ಸರ್ಜನ್ ನೋಡುವ ದಿನ. ಕೀವು ಎಲುಬಿಗೆ ಇಳಿದಿದ್ದರೆ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕು ಎಂದು ಹೋದ ವಾರವೇ ಹೇಳಿದ್ದಾರೆ. ಸಿದ್ರಾಮಪ್ಪನವರು ಚಿಂಚವಾಡದ ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮುಂದೆ ನಿಂತೇ ದುಡಿದು ನಿವೃತ್ತರಾದವರು. ಸಕ್ಕರೆ ಕಾಯಿಲೆಗೆ ಬಲಗಾಲಿನ ಹೆಬ್ಬೆರಳು ಆಗಲೇ ಹೋಗಿದೆ.

ಈ ಗಾಯದ ಮೂಲ ಭಕ್ತಿ. ವರ್ಷಕ್ಕೊಮ್ಮೆ ಯಾತ್ರೆ ಹೊರಡುವ ಸಂತರ ಪಾಲಕಿ, ಅಂದರೆ ಪಲ್ಲಕ್ಕಿ, ಮನೆ ಮುಂದಿನ ರಸ್ತೆಯಲ್ಲೇ ಹಾಯುವಾಗ ಚಪ್ಪಲಿ ಮೆಟ್ಟುವುದುಂಟೇ? ಪ್ರತಿವರ್ಷದಂತೆ ಬರಿಗಾಲಲ್ಲಿ ಪಕ್ಕದ ಆಕುರ್ಡಿಯವರೆಗೆ ನಡೆದರು. ಕಾದ ಡಾಂಬರು ಅಂಗಾಲನ್ನು ಸುಟ್ಟಿತು. ಜೋಮು ಹಿಡಿದ ಕಾಲಿಗೆ ಅದು ತಿಳಿಯಲೇ ಇಲ್ಲ. ಬೊಬ್ಬೆ ಒಡೆದು ನೆಲದ ಮೇಲೆ ಕಲೆ ಬಿದ್ದಾಗ ನೋಡಿದ್ದು ಹೆಂಡತಿ ಅವ್ವಮ್ಮ.

"ಕಾಲು ಒಮ್ಮೆಲೆ ಹೋಗಂಗಿಲ್ರಿ," ಎನ್ನುತ್ತಾರೆ ಶಿವಗಂಗವ್ವ, ಹತ್ತಿಯಿಂದ ಗಾಯದ ಅಂಚು ಒರೆಸುತ್ತ. "ಮೊದಲ ಜೋಮು ಹಿಡಿತದ. ಬೀಡಿ ಸೇದಿದ್ರ ಕಾಲಿಗೆ ರಕ್ತ ಇಳಿಯಂಗಿಲ್ಲ. ಮ್ಯಾಲ ಸಕ್ಕರಿ ಏರಿ ಕೂತಿರತದ. ಒಂದ ಬೆರಳು ಹೋದವರಂತೂ ಭಾಳ ಜ್ವಾಕಿ ಇರಬೇಕ್ರಿ. ಮಂದಿ ಮಾತ್ರ ‘ನಾಳೆ ತೋರಸೋಣು, ನಾಳೆ ತೋರಸೋಣು’ ಅಂತಾರ. ಕಾಲು ತಿನ್ನೋದು ಆ ನಾಳೆನ ನೋಡ್ರಿ."

ಶಿವಗಂಗವ್ವ ಗೋಕಾಕದ ಕಡೆಯಿಂದ ಪಿಂಪ್ರಿಗೆ ಸೊಸೆಯಾಗಿ ಬಂದವರು. ಗಂಡ ಬೇಗ ತೀರಿಕೊಂಡಾಗ ಒಂದು ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದರು. ಆಪರೇಷನ್ ಕೋಣೆ ತೊಳೆಯುವ ಕೆಲಸ. "ಒಂದಿನ ಕಡದ ಕಾಲು ನನ್ನ ಕೈಯಾಗ ಕೊಟ್ಟು ಒಯ್ದಿಡು ಅಂದ್ರು. ಇನ್ನೂ ಬೆಚ್ಚಗಿತ್ರಿ. ಹೆಣ್ಮಗಳದು. ಬೆರಳಿನ ಮ್ಯಾಲ ಕಾಲುಂಗುರದ ಗುರುತು ಹಂಗ ಇತ್ತು." ಅದೇ ವಾರ ಡ್ರೆಸಿಂಗ್ ಮಾಡುವ ಸಿಸ್ಟರ್ ಬೆನ್ನುಹತ್ತಿ ಕೆಲಸ ಕಲಿಯತೊಡಗಿದರಂತೆ. ಈಗ ಬೆಳಗಾಗುವುದರೊಳಗೆ ನಾಲ್ಕೈದು ಮನೆ, ಆಮೇಲೆ ಸಂಜೆಯವರೆಗೆ ದವಾಖಾನೆ. ಒಬ್ಬರೂ ಗಾಯ ತೋರಿಸಲು ನಾಚುವುದಿಲ್ಲ. ನಾಚಿದರೆ ಬೈಗುಳ ಗ್ಯಾರಂಟಿ!

ಆದರೆ ಅವ್ವಮ್ಮನ ಮುಂದೆ ಬೈಗುಳ ನಡೆಯಲಿಲ್ಲ. ಆಸ್ಪತ್ರೆಯಿಂದ ಕೊಟ್ಟ ಮೆತ್ತನೆಯ ಚಪ್ಪಲಿ ಹೊಸ್ತಿಲಾಚೆಯೇ ಬಿದ್ದಿತ್ತು. ಯಜಮಾನರು ಮನೆಯೊಳಗೆ ಬರಿಗಾಲಲ್ಲೇ ಓಡಾಡುತ್ತಿದ್ದರು, ಮಾಯುತ್ತಿದ್ದ ಗಾಯ ದಿನಾ ಬಾಯಿ ಬಿಡುತ್ತಿತ್ತು. "ದೇವರ ಜಗಲಿ ಇದ್ದ ಮನಿ ಇದು. ಒಳಗ ಚಪ್ಪಲಿ ನಡಿಯಂಗಿಲ್ಲ," ಎಂದು ಅವ್ವಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟರು.

ಶಿವಗಂಗವ್ವ ವಾದಿಸಲಿಲ್ಲ. ಚಪ್ಪಲಿ ತೊಳೆದು ಒರೆಸಿ, ಒಂದು ಮಣೆಯ ಮೇಲಿಟ್ಟು ಕೇಳಿದರು: "ಕಾಕು, ಪಾಲಕಿಯೊಳಗ ಏನ್ ಇಟ್ಟಿರತಾರ್ರಿ?"

"ಪಾದುಕಾ."

"ಅದಕ್ಕ ಹೂವು ಹಾಕಿ ಕೈಮುಗಿತೀರಿ. ಇವು ನಿಮ್ಮ ಯಜಮಾನರ ಪಾದುಕಾ ಅಲ್ಲೇನ್ರಿ?"

ಅವ್ವಮ್ಮ ತಾವೇ ಒಳಗೆ ಹೋಗಿ ವಿಭೂತಿ ತಂದು ಎರಡೂ ಚಪ್ಪಲಿಗೆ ಹಚ್ಚಿದರು, ತಾವೇ ಗಂಡನ ಕಾಲಿಗೆ ತೊಡಿಸಿದರಂತೆ.

ಹನ್ನೊಂದು ಗಂಟೆಗೆ ದವಾಖಾನೆಯ ಬೆಂಚಿನ ಮೇಲೆ ನಾವು ನಾಲ್ವರು. ಹೆಸರು ಕೂಗಿದಾಗ ಶಿವಗಂಗವ್ವ ಅವ್ವಮ್ಮನ ರಟ್ಟೆ ಹಿಡಿದು ಎಬ್ಬಿಸುತ್ತಾರೆ. ಸರ್ಜನ್ ಪ್ರಾಚಿ ಎಕ್ಸ್‌ರೇ ಎತ್ತಿ ಹಿಡಿಯುತ್ತಾರೆ, ಗಾಯದೊಳಗೆ ಕಡ್ಡಿ ಇಳಿಸಿ ನೋಡುತ್ತಾರೆ. ಕೊನೆಗೆ ಮರಾಠಿಯಲ್ಲಿ, "ಪಾಯ ವಾಚಲಾ, ಕಾಕಾ." ಕಾಲು ಉಳಿಯಿತು!

ಅವ್ವಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಾರೆ. ಸಿದ್ರಾಮಪ್ಪನವರು ಶಿವಗಂಗವ್ವನ ಕಾಲಿಗೆರಗಲು ಬಗ್ಗಿದರೆ, "ಬಗ್ಗಬ್ಯಾಡ್ರಿ ಕಾಕಾ, ಮುಂಗಾಲ ಮ್ಯಾಲ ಭಾರ ಬೀಳತದ!" ಎಂಬ ಗದರಿಕೆ. ನಮಗೆಲ್ಲ ನಗುವೋ ಅಳುವೋ ತಿಳಿಯದು.

ಇಷ್ಟೆಲ್ಲ ಮಾಡುವ ನಿಮಗೆ ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಶಿವಗಂಗವ್ವ ಕೈ ತೊಳೆಯುತ್ತಲೇ ಯೋಚಿಸುತ್ತಾರೆ.

"ನಾ ಹೋದ ದಿನ ನನ್ನ ಮಣ್ಣಿಗೆ ನಾ ಪಟ್ಟಿ ಕಟ್ಟಿದವರೆಲ್ಲಾ ತಮ್ಮ ತಮ್ಮ ಕಾಲ ಮ್ಯಾಲ ನಡಕೋತ ಬರಬೇಕ್ರಿ. ಮತ್ತ ಚಪ್ಪಲಿ ಹಾಕ್ಕೊಂಡ ನಿಂದರಬೇಕು. ಮರ್ಯಾದಿ ಅಂತ ಯಾರರ ಬಿಚ್ಚಿದ್ರ, ಬೈಯಾಕ ಎದ್ದು ಕುಂದರತೀನಿ."