ಕಾದಂಬರಿಗೆ ಹೋದ ಅಪ್ಪನ ಹೆಗಲು

ಭೋಸರಿಯ ಕಾರ್ಖಾನೆಯ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಗೆಳೆಯ ಕಾದಂಬರಿ ಬರೆದ. ಅದು ಅಚ್ಚಾಯಿತು, ಜನ ಮೆಚ್ಚಿದರು. ಇಷ್ಟನ್ನು ಬಿ.ಪಿ. ಮಾತ್ರೆಯ ಜೊತೆ ಹೇಗೋ ನುಂಗಿಕೊಂಡೆ. ನನ್ನ ಹೆಂಡತಿ ಅದನ್ನು ಎರಡನೇ ಸಲ ಓದಲು ಕೂತಾಗ ಮಾತ್ರ ತಡೆಯಲಾಗಲಿಲ್ಲ.

ಅದು ಥ್ರಿಲ್ಲರ್. ಒಬ್ಬ ಡಾಕ್ಟರು ರೋಗಿಯ ನೆನಪುಗಳನ್ನು ಒಂದೊಂದಾಗಿ ಕದ್ದು, ಅವನ ಹೆಸರು, ಮನೆ, ಹೆಂಡತಿ ಎಲ್ಲವನ್ನೂ ತನ್ನದಾಗಿಸಿಕೊಳ್ಳುತ್ತಾನೆ. ರೋಗಿಗೆ ಉಳಿಯುವುದು ಒಂದೇ ನೆನಪು. ಅಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ವಿಮಾನ ನಿಲ್ದಾಣದ ಗೋಡೆಯಾಚೆ ಇಳಿಯುವ ವಿಮಾನ ತೋರಿಸುತ್ತಿದ್ದಾನೆ. ಕೆಳಗೆ ಪುಟ್ಟ ತಂಗಿ ಅವನ ಚಪ್ಪಲಿ ಹಿಡಿದು ನಿಂತಿದ್ದಾಳೆ. ಆ ನೆನಪನ್ನೂ ಕದಿಯಲು ಡಾಕ್ಟರು ಬೆನ್ನು ಹತ್ತುತ್ತಾನೆ.

“ಈ ಹೆಗಲಿನ ಪುಟಾ ಓದಿದ್ರ ಎದಿ ತುಂಬಿ ಬರ್ತದರಿ,” ಎಂದಳು ಹೆಂಡತಿ. “ಎಂಥಾ ಮೆತ್ತನ್ನ ಮನಸಿನಾಂವ ಇರಬೇಕು ಬರದಾಂವ!”

“ಅದು ಅಂವಂದಲ್ಲ, ನಂದು! ಊಟದ ಹೊತ್ತಿನ್ಯಾಗ ನಾನೇ ಹೇಳಿದ್ದು.”

ಮರಾಠಿಯವರೇ ತುಂಬಿದ ಕಾರ್ಖಾನೆಯಲ್ಲಿ ನಾವು ಕನ್ನಡದವರೆಲ್ಲ ಒಂದೇ ಮೇಜಿನಲ್ಲಿ ಡಬ್ಬಿ ಬಿಚ್ಚುತ್ತೇವೆ. ಮುಚ್ಚಳ ತೆಗೆದ ಮೇಲೆ ಪಲ್ಯ ಎಲ್ಲರದು. ಮಾತಿಗೂ ಅದೇ ರೀತಿ ಎಂದು ಗೆಳೆಯ ತಿಳಿದಿರಬೇಕು. ನನ್ನ ಹೆಂಡತಿಯ ಎಣ್ಣೆಗಾಯಿಗೆ ಕೈ ಹಾಕಿದವನು ನನ್ನ ಅಪ್ಪನನ್ನೂ ಬಡಿಸಿಕೊಂಡುಬಿಟ್ಟಿದ್ದ.

“ಹಂಗಾದ್ರ ಮಾವನವರು ನಿಮ್ಮನ್ನ ಹೆಗಲ ಮ್ಯಾಲ ಹೊತ್ತಿದ್ರು?”

ಇಲ್ಲ. ಹೊತ್ತಿದ್ದು ತಂಗಿಯನ್ನು ಎಂದೆ. ರಜೆಯ ದಿನ ಅಪ್ಪ ಇಬ್ಬರನ್ನೂ ಕರೆದೊಯ್ದಿದ್ದ. ನಾನು ದೊಡ್ಡವನು, ಹಾಗಾಗಿ ಕೆಳಗೆ, ಅವಳ ಚಪ್ಪಲಿ ಹಿಡಿದುಕೊಂಡು. ವಿಮಾನದ ಸದ್ದು ಕೇಳಿತು, ಕಂಡದ್ದು ಗೋಡೆ. ಗೆಳೆಯನಿಗೆ ಹೇಳಿದ್ದೂ ಅದನ್ನೇ. ಕಾದಂಬರಿಯಲ್ಲಿ ಅವನು ಹುಡುಗನನ್ನು ಮೇಲೆ ಹತ್ತಿಸಿ, ಹುಡುಗಿಯನ್ನು ಕೆಳಗಿಳಿಸಿದ್ದ.

“ಹೊತ್ತೇ ಇಲ್ಲಂದ್ರ ಅದು ನಿಮ್ಮದು ಹೆಂಗಾತರಿ? ಪುಸ್ತಕಾ ಓದಿ ನಿಮಗ ಹಂಗ ಅನಿಸ್ಲಿಕತ್ತದ. ಚಾ ಕುಡೀರಿ ಮದ್ಲ.”

ಚಹಾ ಪಕ್ಕಕ್ಕೆ ಸರಿಸಿದೆ. ನಿಜವಾಗಿಯೂ ಹೋಗಿದ್ದೆವೋ ಇಲ್ಲವೋ? ಇದು ಮರೆವಿನ ರೋಗದ ಆರಂಭವೋ? ಅಪ್ಪ ಈಗಿಲ್ಲ. ಅವನ ಜೊತೆ ಹೊರಗೆ ಹೋದ ನೆನಪು ನನ್ನಲ್ಲಿರುವುದು ಇದೊಂದೇ. ಅದನ್ನೂ ಕಳೆದುಕೊಂಡರೆ ನನ್ನ ಪಾಲಿಗೆ ಏನೂ ಇಲ್ಲ. ಸಾಕ್ಷಿಗೆಂದು ಊರಿನ ಇನ್ನೊಂದು ತುದಿಯ ಧನಕವಡಿಯಲ್ಲಿರುವ ತಂಗಿಗೆ ಫೋನು ಹಚ್ಚಿ, ಹೆಂಡತಿಗೂ ಕೇಳಿಸಲಿ ಎಂದು ಸ್ಪೀಕರ್ ಹಾಕಿದೆ.

“ವಿಮಾನಾ ನೋಡಾಕ ಹೋಗಿದ್ದು ನೆನಪದನ ನಿನಗ?”

“ಇಲ್ಲದ ಏನೋ ಅಣ್ಣಾ! ನಿನ್ನ ದೋಸ್ತ ಬರದಂಗ ಇತ್ತಲ್ಲ. ನೀ ಅಪ್ಪನ ಹೆಗಲ ಮ್ಯಾಲ, ನಾ ಕೆಳಗ ನಿನ್ನ ಚಪ್ಪಲಿ ಹಿಡಕೊಂಡು. ಓದಿದ ಕೂಡ್ಲೇ ಎಲ್ಲಾ ನೆನಪಾತು. ನಿನ್ನ ಮ್ಯಾಲ ಎಷ್ಟು ಹೊಟ್ಟಿಕಿಚ್ಚು ಬಂದಿತ್ತು ಗೊತ್ತದನ?”

ನಾನು ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೊಟ್ಟೆಕಿಚ್ಚನ್ನೂ ಅವಳು ತನ್ನದು ಎನ್ನುತ್ತಿದ್ದಳು. ಹಾಗಲ್ಲ ಹುಚ್ಚಿ, ಮೇಲಿದ್ದವಳು ನೀನೇ ಎನ್ನಲು ಬಾಯಿ ತೆರೆದೆ.

“ಮ್ಯಾಲಿಂದ ಹೆಂಗ ಕಾಣ್ತಿತ್ತೋ ಅಣ್ಣಾ?” ಎಂದಳು.

ಹೆಂಡತಿ ಪುಸ್ತಕ ಮಡಚಿ ನನ್ನನ್ನೇ ನೋಡತೊಡಗಿದ್ದಳು. ಹಾಗೆ ನೋಡಿ ಬಹಳ ಕಾಲವಾಗಿತ್ತು.

“ಭಾಳ ಹತ್ರ ಕಾಣ್ತಿತ್ತು,” ಎಂದೆ. “ಗಾಲಿ ಇಳಿಯೂದು ಸುದ್ದಾ. ಅಂಜಿ ಅಪ್ಪನ ಕೂದಲಾ ಗಟ್ಟಿ ಹಿಡಕೊಂಡಿದ್ದೆ.”



“ನಿನ್ನ ನಸೀಬಾ ಬಿಡು,” ಎಂದಳು ತಂಗಿ. “ನನ್ನ ಒಂದ್ಸಲಾನೂ ಎತ್ತಲಿಲ್ಲ ನೋಡು ಅಪ್ಪ.”